ದಿನಾವೋನಳನ್ನು ದಾಟಿಸಿದ ಹಾಡು

ಸತ್ತವರನ್ನು ಕರೆಯುವುದು ಸುಲಭ, ಕಳಿಸುವುದೇ ಕಷ್ಟ ಎಂದು ಆ ಕಣಿವೆಯ ಹಿರಿಯರು ಹೇಳುತ್ತಾರೆ. ಕರೆದರೆ ಯಾರು ತಾನೇ ಬರುವುದಿಲ್ಲ? ಅಂಗಳದಲ್ಲಿ ಹಂದಿ ಬೇಯುವ ವಾಸನೆ, ಅಕ್ಕಿಹೆಂಡದ ಘಮ, ಮೊಮ್ಮಕ್ಕಳ ಗಲಾಟೆ. ಬಂದವರಿಗೆ ಹೊರಡಲು ಮನಸ್ಸಾಗುವುದಿಲ್ಲ. ಹೊಸ್ತಿಲ ಬಳಿ ಸುಮ್ಮನೆ ಕೂತುಬಿಡುತ್ತಾರೆ. ಸತ್ತವರು ಕೂತ ಹೊಸ್ತಿಲನ್ನು ಬದುಕಿದವರು ದಾಟಿದರೆ ಕಾಯಿಲೆ ತಪ್ಪಿದ್ದಲ್ಲ. ಅದಕ್ಕೇ ಕಳಿಸಿಕೊಡುವ ಹಾಡನ್ನು ಅಲ್ಲಿ ಎಲ್ಲರ ಬಾಯಿಗೂ ಕೊಡುವುದಿಲ್ಲ.

ದುಲಿಮಾಯಿಗೆ ಮಾತ್ರ, ತನ್ನ ತಾಯಿಯನ್ನು ಕಳಿಸುವ ಹಾಡನ್ನು ತಾಯಿಯ ಹಗೆಯ ಬಾಯಿಗೇ ಕೊಡಬೇಕಾಗಿ ಬಂದಿತ್ತು.

ತಾಯಿ ದಿನಾವೋನ್ ತೀರಿಕೊಂಡು ನಾಲ್ಕು ಸುಗ್ಗಿ ಕಳೆದಿದ್ದವು. ಆ ವರ್ಷವೇ ದುಲಿಮಾಯಿ ಗಂಡ ಬಹಾತನ್ ಜೊತೆ ಬೆಟ್ಟ ಇಳಿದು ಕೆಳನಾಡಿನ ಬಯಲು ಸೇರಿದ್ದಳು. ಈ ಸಲ ನಾಟಿ ಮುಗಿದಾಗಿನಿಂದ ಮಗಳು ಮೆಲ್ಬಾಗೆ ಜ್ವರ. ಮಾತ್ರೆ ನುಂಗಿದಷ್ಟು ದಿನ ಬಿಡುವುದು, ಮಾತ್ರೆ ಮುಗಿದ ಮರುದಿನ ಬಾಗಿಲಲ್ಲೇ ಕಾದಿದ್ದಂತೆ ಬರುವುದು. ಕೊನೆಗೆ ದುಲಿಮಾಯಿ ಹುಟ್ಟೂರಿಗೆ ಹೋಗಿ ಕೇಳಿದಾಗ ಮುದಿ ಪೂಜಾರಿ ಕೋಳಿ ಕೊಯ್ದು ಅದರ ಪಿತ್ತಕೋಶ ನೋಡಿದ.

"ನಿಮ್ಮವ್ವಂಗೆ ಚಳಿ ಕಣವ್ವಾ. ಹೊದಿಕೆ ಕೇಳ್ತಾವ್ಳೆ. ಗುಹೆಯಿಂದ ಮೂಳೆ ಮನೆಗೆ ತಂದು, ತೊಳೆದು, ಹೊಸದು ಹೊದಿಸಿ, ಉಣ್ಸಿ, ನೆಟ್ಟಗೆ ಕಳಿಸ್ಕೊಡು. ಮಗು ಎದ್ದು ಕೂತ್ಕೋತದೆ. ನೆಟ್ಟಗೆ ಕಳಿಸ್ಬೇಕು, ಗೊತ್ತಾಯ್ತಾ?"

ದುಲಿಮಾಯಿ ಅದೇ ದಿನದ ಬಸ್ಸಿಗೆ ಕೆಳನಾಡಿಗೆ ವಾಪಸಾಗಿ ಸೊಂಟಕ್ಕೆ ಮಗ್ಗದ ಪಟ್ಟಿ ಬಿಗಿದು ಕೂತಳು. ಹೆಣಕ್ಕೆ ಹೊದಿಸುವ ಪಟ್ಟೆಯ ಹೊದಿಕೆಯನ್ನು ಬೆನ್ನು ಬಿದ್ದುಹೋಗುವ ತನಕ ನೇಯ್ದಳು. ಅದನ್ನು ಬೆನ್ನಬುಟ್ಟಿಗೆ ತುಂಬಿ, ಮಗುವನ್ನು ಗಂಡನ ಹೆಗಲಿಗೇರಿಸಿ, ಬಸ್ಸು ಹತ್ತಿ ಊರಿಗೆ ಬಂದಳು. ಬಂದ ಮೇಲೆ ತಿಳಿಯಿತು: ಹಾಡು ಬಲ್ಲ ಮುದುಕಿಯರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದಾರೆ. ಮುಂದೆ ನಿಂತು ಹಾಡು ಎತ್ತಿಕೊಡುವವಳು ಈಗ ಊರಿಗೆಲ್ಲ ಕುಯಾಪಿ ಅಜ್ಜಿ ಒಬ್ಬಳೇ.

ಕುಯಾಪಿಗೂ ದಿನಾವೋನಳಿಗೂ ಇದ್ದ ಹಗೆ ಊರಿಗೇ ಗೊತ್ತಿದ್ದ ಸಂಗತಿ. ಹರೆಯದಲ್ಲಿ ದಿನಾವೋನಳನ್ನು ಕುಯಾಪಿಯ ತಮ್ಮ ಪುಗಾವ್‌ಗೆ ಗೊತ್ತು ಮಾಡಿದ್ದರು. ಹಂದಿ ಕೊಯ್ದಾಗಿತ್ತು, ಹೆಂಡದ ಜಾಡಿ ತೆರೆದಾಗಿತ್ತು. ದಿನಾವೋನ್ ಒಲ್ಲೆ ಎಂದು ಇನ್ನೊಬ್ಬನನ್ನು ಕಟ್ಟಿಕೊಂಡಳು. ಪುಗಾವ್ ಮುಖ ಮರೆಸಿಕೊಂಡು ಗಣಿ ಕೆಲಸಕ್ಕೆ ಹೋದವನು ಗಣಿಯೊಳಗೇ ಉಳಿದ. ಹೂಳಲು ಮೂಳೆಯೂ ಸಿಗಲಿಲ್ಲ. ಅಂದಿನಿಂದ ಕುಯಾಪಿ ತನ್ನ ಹಿನಗಂಗ ಗದ್ದೆಯ ಏರಿಯ ಮೇಲೆ ದಿನಾವೋನ್ ಕಾಲಿಡಕೂಡದು ಎಂದಳು. ಉಂಬಾಲ ದಿಣ್ಣೆಗೆ ಹೋಗಲು ಇದ್ದ ನೇರ ದಾರಿ ಅದೇ. ಬದುಕಿದ್ದಷ್ಟು ಕಾಲ ದಿನಾವೋನ್ ಹೊರೆ ಹೊತ್ತು ಹೊಳೆಯ ಬಳಸುದಾರಿ ಹಿಡಿದೇ ಹತ್ತಿದಳು. ಸತ್ತ ಮೇಲೆ, ಆಗಿನ ಹಾಡುಗಾತಿ ಊರ ಹಿರಿಯರ ಮಾತಿನ ಮೇಲೆ ಅವಳನ್ನು ಹಿನಗಂಗದ ಏರಿ ಮೇಲೆಯೇ ನಡೆಸಿ ದಾಟಿಸಿದ್ದಳು. ಕಳಿಸುವ ಹಾಡಿನಲ್ಲಿ ದಾರಿ ಬಾಯಿಂದ ಬಾಯಿಗೆ ಬಂದದ್ದು: ಮನೆಯಿಂದ ತುಲ್ದು ಮೆಟ್ಟಿಲು, ಅಲ್ಲಿಂದ ಪಾಲುಂಪಾಗ ಒರತೆ, ಅಲ್ಲಿಂದ ಹಿನಗಂಗದ ಏರಿ, ಆಮೇಲೆ ಉಂಬಾಲ. ಉಂಬಾಲದ ಆಚೆಗೆ ಹಿರಿಯರ ಊರು. ಒಂದು ಹೆಸರು ಬಿಟ್ಟರೆ ಆತ್ಮ ಅಲ್ಲೇ ನಿಲ್ಲುತ್ತದೆ.

ಮೂಳೆ ಮನೆಗೆ ಬಂದ ಮೊದಲ ದಿನವೇ ಕುಯಾಪಿ ಬಂದಳು. ನೆಲದಿಂದೆತ್ತರ ಕಂಬಗಳ ಮೇಲೆ ನಿಂತ ಮನೆ. ಅದರ ಅಡಿಯ ನೆರಳಲ್ಲಿ ತಾಯಿಯ ಗಂಟು. ದುಲಿಮಾಯಿ ಎಲೆಯಡಿಕೆ ಮುಂದೆ ಹಿಡಿದಳು. ಮುದುಕಿ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬಗ್ಗಿ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿದಳು.

"ಕೆಳನಾಡಿನ ನೂಲು."

"ಹೂಂ ಅಜ್ಜಿ. ನೇಯ್ದದ್ದು ನಾನೇ."

"ಅದೇ ಅಂದ್ಕೊಂಡೆ. ಅಂಚು ಸಡ್ಲ ಐತೆ. ನಿಮ್ಮವ್ವನೂ ಹಂಗೇ. ಶುರು ಮಾಡೋವಾಗ ಬಿಗಿ, ಮುಗಿಸೋವಾಗ ಸಡ್ಲ."

ದುಲಿಮಾಯಿಗೆ ಮೈಯೆಲ್ಲ ಉರಿಯಿತು. ಮಗುವಿನ ಮುಖ ನೋಡಿ ನುಂಗಿಕೊಂಡಳು. ಕುಯಾಪಿ ಆಮೇಲೆ ಹಾಡಿಗೆ ದನಿಗೂಡಿಸುವ ಮೇಳದ ಹೆಂಗಸರನ್ನು ಕೊಟ್ಟಿಗೆಯ ಮರೆಗೆ ಕರೆದು ಏನೋ ಪಿಸುಗುಟ್ಟಿದಳು. ದುಲಿಮಾಯಿ ನೀರಿನ ನೆಪ ಮಾಡಿಕೊಂಡು ಹತ್ತಿರ ಹೋದಾಗ ಮಾತು ನಿಂತಿತು. ಅನುಮಾನ ಎಂಬುದು ಗದ್ದೆಯ ಏಡಿಯ ಹಾಗೆ. ಒಂದು ಬಿಲ ಕಂಡರೆ ಸಾಕು, ಏರಿಯ ತುಂಬ ಬಿಲಗಳೇ ಕಾಣತೊಡಗುತ್ತವೆ.

ಎರಡನೆಯ ದಿನ ಬೆಳಿಗ್ಗೆ ಕುಯಾಪಿ ಬಂದದ್ದೇ ತಡವಾಗಿ. ಮೊಣಕಾಲವರೆಗೆ ಕೆಂಪು ಕೆಸರು, ಬರೆಬರೆಯಾಗಿ ಗೀರಿದ ಮುಂಗೈ. ಗದ್ದೆಯ ಕೆಸರು ಅಲ್ಲಿ ಕಪ್ಪು. ಈ ಕೆಂಪು ಎಲ್ಲಿಯದು? ಕೇಳಿದರೆ ಮುದುಕಿ, "ಕಾಲಿದ್ದೋರು ನಡೀತಾರೆ, ಕೆಸರಿದ್ರೆ ಮೆತ್ಕೋತದೆ" ಎಂದು ಒಳಗೆ ನಡೆದಳು.

ಮಧ್ಯಾಹ್ನ ಗೆಣಸು ಸುಲಿಯುತ್ತ ಕೂತಿದ್ದಾಗ ದೊಡ್ಡಪ್ಪನ ಮಗಳು ಪೆತ್ರಾ ಒತ್ತಿಕೊಂಡು ಬಂದು ಕೂತಳು. ಸುದ್ದಿ ಸಿಕ್ಕರೆ ಪೆತ್ರಾಳ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

"ಲೇ ದುಲಿ, ನಾನು ಹೇಳ್ದೆ ಅಂತ ಯಾರ್ಗೂ ಹೇಳ್ಬೇಡ. ಬೆಳಿಗ್ಗೆ ಸೌದೆಗೆ ಹೋಗಿದ್ದೆ. ಪಾಲುಂಪಾಗ ದಾಟಿ ಹಿನಗಂಗದ ದಾರೀಲಿ ಮುದುಕಿ ಕೂತಿದ್ಳು ಕಣೆ. ಒಬ್ಳೇ. ಏನೋ ಗೊಣಗ್ತಾ ಜೊಂಡು ಗಂಟು ಹಾಕಿ ಹಾಕಿ ನೆಡ್ತಾ ಇದ್ಳು."

ದುಲಿಮಾಯಿ ಗೆಣಸು ಕೆಳಗಿಟ್ಟಳು. ತುದಿ ಗಂಟು ಹಾಕಿ ನೆಟ್ಟ ಜೊಂಡು ಎಂದರೆ ಆ ಬೆಟ್ಟಗಳಲ್ಲಿ ಮಗುವಿಗೂ ಗೊತ್ತು: ಇಲ್ಲಿಂದ ಮುಂದೆ ಕಾಲಿಡಬೇಡ. ಬೆಳೆದ ಗದ್ದೆಗೆ ನೆಡುತ್ತಾರೆ, ಬಾಣಂತಿ ಮನೆಗೆ ನೆಡುತ್ತಾರೆ. ಬದುಕಿದವರಷ್ಟೇ ಅಲ್ಲ, ಸತ್ತವರೂ ಆ ಗಂಟನ್ನು ಮೀರುವುದಿಲ್ಲ.

"ನಮ್ಮವ್ವ ಹೋಗೋ ದಾರಿಗೆ?"

"ಮತ್ತೆ ಇನ್ಯಾರ್ ಹೋಗ್ತಾರೆ ನಾಳೆ?"

ದುಲಿಮಾಯಿ ಗಂಡನಿಗೆ ಹೇಳಿದಳು. ಬಹಾತನ್ ಹಂದಿಯ ಕಾಲು ಕಟ್ಟುತ್ತಿದ್ದವನು ತಲೆ ಕೆರೆದುಕೊಂಡ.

"ಬೇರೆ ಹಾಡೋರಿಲ್ಲ ಅಂತ ನೀನೇ ಅಂದೆ. ಈಗ ಅವಳನ್ನ ಕೇಳಿ ಜಗಳ ಆದ್ರೆ? ಎದ್ದು ಹೋಗ್ತಾಳೆ. ಹೊಸ್ತಿಲಲ್ಲಿ ಅತ್ತೆ, ಒಳಗೆ ಮಗು. ಸುಮ್ನೆ ಕಿವಿ ತೆರ್ಕೊಂಡು ಕೂತ್ಕೋ. ಹೆಸರು ಬಿಟ್ರೆ ಆಗ ಕೇಳು."

ಹಾಗಾಗಿ ಮೂರನೆಯ ದಿನ ಹೊತ್ತೇರಿದ ಮೇಲೆ, ಹಾಡು ಶುರುವಾದಾಗ, ಅಂಗಳದಲ್ಲಿ ಎಲ್ಲರೂ ತಾಯಿಗಾಗಿ ಕಿವಿಗೊಟ್ಟಿದ್ದರೆ ದುಲಿಮಾಯಿ ಕಳ್ಳನನ್ನು ಕಾಯುವವಳಂತೆ ಕಿವಿಗೊಟ್ಟಿದ್ದಳು.

ಕುಯಾಪಿಯ ಗಂಟಲು ಮುದಿಯಾಗಿತ್ತು, ಉಸಿರು ಆಗಿರಲಿಲ್ಲ. ಅವಳು ಸಾಲು ಎತ್ತಿಕೊಡುವಳು, ಸಾಲು ಮುಗಿಯುವ ಮೊದಲೇ ಹೆಂಗಸರ ಮೇಳ ಅದನ್ನು ಹಿಡಿದು ತುದಿ ಮುಟ್ಟಿಸುವುದು. ಮೇಳಕ್ಕೆ ಯೋಚನೆ ಇಲ್ಲ. ಕೊಟ್ಟ ಹೆಸರನ್ನು ಪೂರ್ತಿ ಮಾಡುವುದೇ ಅದರ ಧರ್ಮ. ಮೇಳ ಪೂರ್ತಿ ಮಾಡಿದ ಕಡೆ ಆತ್ಮ ಹೆಜ್ಜೆ ಊರುತ್ತದೆ.

ದಿನಾವೋನ್ ಏಣಿ ಇಳಿದಳು. ಹೊಸ ಹೊದಿಕೆಯನ್ನು ಹೆಗಲಿಗೆ ಎಳೆದುಕೊಂಡಳು. ತುಲ್ದು ಮೆಟ್ಟಿಲಲ್ಲಿ ನಿಂತು ಮನೆ ಕಡೆ ತಿರುಗಿ ನೋಡಿದಳು. ತಾಯಿ ಪಾಲುಂಪಾಗಕ್ಕೆ ಬಂದಳು. ಅಲ್ಲಿ ಕುಯಾಪಿಯ ದನಿಯಲ್ಲೊಂದು ಓರೆ ಬಂತು:

"ಒರತೆಯ ಪಾಚಿಗೆ ಕಾಲಿಟ್ಟಳು ಜಂಬಗಾತಿ, ಆಹಾ, ಅಂಡೂರಿ ಕೂತಳು ಕೆಸರಲ್ಲಿ ದಿನಾವೋನ್..."

ಮೇಳ ಪೂರ್ತಿ ಮಾಡುತ್ತಲೇ ಕಿಸಕ್ಕೆಂದಿತು. ಪೂಜಾರಿಯೂ ಬೊಚ್ಚು ಬಾಯಿ ತೆರೆದು ನಕ್ಕ. ದುಲಿಮಾಯಿ ನಗಲಿಲ್ಲ. ಸತ್ತವಳನ್ನು ಬೀಳಿಸಿ ನಗಿಸುವವಳು ಮುಂದೆ ಏನು ಮಾಡಲಾರಳು? ಇನ್ನು ಹಿನಗಂಗ. ಆ ಹೆಸರು ಹೇಳುತ್ತಾಳೋ ಇಲ್ಲವೋ.

"ಒರತೆಯಿಂದೆದ್ದಳು, ಎಡಕ್ಕೆ ತಿರುಗಿದಳು, ಹೆಸರಿಲ್ಲದ ಕಡೆಗೆ..."

ಹೆಸರಿಲ್ಲದ ಕಡೆ! ಹಾಗೊಂದು ಜಾಗ ಯಾವ ಹಾಡಿನಲ್ಲಿದೆ? ಹೆಸರಿದ್ದರೆ ಹುಡುಕಬಹುದು, ಕರೆಯಬಹುದು. ಹೆಸರಿಲ್ಲದ ಕಡೆ ಬಿಟ್ಟರೆ ತಾಯಿ ಹೋದಳು. ಹಿರಿಯರ ಊರಿಗೂ ಇಲ್ಲ, ಮಗಳ ಮನೆಗೂ ಇಲ್ಲ. ಮೇಳ ಇನ್ನೇನು ಆ ಸಾಲನ್ನು ಹಿಡಿಯಬೇಕು, ದುಲಿಮಾಯಿ ಎದ್ದು ನಿಂತು ಕೂಗಿಬಿಟ್ಟಳು:

"ಹಿನಗಂಗ! ಹಿನಗಂಗದ ಏರಿ ಮೇಲೆ, ಅವ್ವಾ!"

ಮೇಳ ಅದನ್ನೇ ಹಿಡಿಯಿತು. ಹಿಡಿದು ತುದಿ ಮುಟ್ಟಿಸಿತು. ತುದಿ ಮುಟ್ಟಿಸಿದ ಮೇಲೆ ತಾನೇ ಬೆಚ್ಚಿಬಿದ್ದು ನಿಂತಿತು.

ಪೂಜಾರಿಯ ಬಾಯಿಯ ನಗೆ ಬಾಯಲ್ಲೇ ಒಣಗಿತು. ಹಾಡಿನ ನಡುವೆ ಬಾಯಿ ಹಾಕಿದವರನ್ನು ಆ ಕಣಿವೆ ಕಂಡಿರಲಿಲ್ಲ. ಕುಯಾಪಿಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಯಾರೋ ಕೆನ್ನೆಗೆ ಹೊಡೆದಂತೆ ಮಾತ್ರ ಇತ್ತು. ಅವಳು ಮೊದಲು ಮೇಳದ ಕಡೆ ಕೈ ಬೀಸಿದಳು.

"ಗುನುಗ್ರೇ, ನಿಲ್ಲಿಸ್ಬೇಡಿ! ದನಿ ಹರಿದ್ರೆ ಅವಳು ಬಿದ್ದೋಯ್ತಾಳೆ."

ಹೆಂಗಸರು ಬಾಯಿ ಮುಚ್ಚಿಕೊಂಡೇ ಕೊನೆಯ ಸ್ವರವನ್ನು ಗುನುಗುತ್ತ ಹಿಡಿದರು. ಜೇನುಗೂಡಿನಂಥ ಸದ್ದು.

"ಯಾಕೇ ಕರೆದೆ ಅಲ್ಲಿಗೆ?" ಎಂದಳು ಕುಯಾಪಿ.

"ನೀನು ಯಾಕೆ ಬಿಟ್ಟೆ?" ದುಲಿಮಾಯಿಯ ದನಿ ಸೀಳಿತು. "ಸತ್ತ ಮೇಲೂ ನಮ್ಮವ್ವ ನಿನ್ನ ಏರಿ ತುಳೀಬಾರ್ದಾ? ಜೊಂಡು ಗಂಟು ಹಾಕಿ ನೆಟ್ಟೋರ್ಯಾರು, ಹೇಳು!"

"ನಾನೇ."

"ನೋಡಿ! ಬಾಯಿಬಿಟ್ಟು ಒಪ್ಕೋತಾವ್ಳೆ!"

"ಒಪ್ಕೊಳೋಕೆ ಏನು ಕದ್ದಿದೀನಾ? ಬಾ ಇಲ್ಲಿ. ಬಾ ಅಂದೆ. ನೀನು ಕರೆದೆ, ನಿಮ್ಮವ್ವ ಅಲ್ಲಿ ಹೋಗಿ ನಿಂತವ್ಳೆ. ಇನ್ನು ನಾನು ಕರೆದ್ರೆ ಬರಲ್ಲ. ಕರೆದೋಳೇ ಕರ್ಕೊಂಡ್ ಹೋಗ್ಬೇಕು. ಎದ್ದೇಳ್ರೇ ಎಲ್ಲಾರೂ, ಗುನುಗ್ತಾನೇ ನಡೀರಿ."

ದುಲಿಮಾಯಿಗೆ ಹೋಗಲು ಭಯ, ಹೋಗದಿರಲು ಇನ್ನೂ ಭಯ. ದಿಣ್ಣೆಯ ಮರೆಗೆ ಕರೆದೊಯ್ದು ಈ ಮುದುಕಿ ಏನು ಮಾಡಿಯಾಳು? ಆದರೆ ಪೂಜಾರಿ, "ಹೋಗವ್ವಾ. ಅವಳು ಹೇಳೋದು ನ್ಯಾಯ" ಎಂದ. ಬಹಾತನ್ ಮಗುವನ್ನು ಎತ್ತಿಕೊಂಡು ಮೂಳೆಗಂಟಿನ ಬಳಿ ಕಾವಲು ಕೂತ.

ಮೆಟ್ಟಿಲು ಹತ್ತಿ, ಒರತೆ ದಾಟಿ ನಡೆದರು. ಮುಂದೆ ಕುಯಾಪಿ, ಹಿಂದೆ ದುಲಿಮಾಯಿ, ಅವಳ ಬೆನ್ನಿಗೆ ಗುನುಗುವ ಹೆಂಗಸರ ಸಾಲು. ದಾರಿಯ ತಿರುವಿನಲ್ಲಿ ಗಂಟು ಹಾಕಿದ ಜೊಂಡುಗಳು ನಿಂತಿದ್ದವು. ಹೊಸದಾಗಿ ಕಿತ್ತವು, ಗಂಟಿನ ಬಳಿ ಇನ್ನೂ ಹಸಿರು. ಅವುಗಳ ಆಚೆಗೆ ದುಲಿಮಾಯಿ ಕಣ್ಣು ಹಾಯಿಸಿದಳು.

ಹಿನಗಂಗ ಇರಲಿಲ್ಲ.

ಹುಟ್ಟಿದಾಗಿನಿಂದ ಕಂಡಿದ್ದ ಆ ಮೆಟ್ಟಿಲುಗದ್ದೆ, ಮುತ್ತಾತರ ಮುತ್ತಾತರು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ, ಅದರ ನೆತ್ತಿಯ ಏರಿ, ಯಾವುದೂ ಇರಲಿಲ್ಲ. ಬೆಟ್ಟದ ಹೊಟ್ಟೆ ಸೀಳಿದಂತೆ ಮೇಲಿಂದ ಹೊಳೆಯವರೆಗೆ ಕೆಂಪು ಮಣ್ಣು. ಅದರಲ್ಲಿ ಅಲ್ಲಲ್ಲಿ ಗೋಡೆಯ ಕಲ್ಲುಗಳು ಹಲ್ಲು ಉದುರಿದಂತೆ ಬಿದ್ದಿದ್ದವು.

"ಹೋದ ಮಳೇಲಿ," ಎಂದಳು ಕುಯಾಪಿ. "ಒಂದು ಸದ್ದು ಬಂತು ಅಷ್ಟೇ. ಬೆಳಗಾದ್ರೆ ಗದ್ದೆ ಹೊಳೇಲಿತ್ತು. ನಿಮ್ಮವ್ವ ಅಲ್ಲಿಗೆ ಕಾಲಿಡ್ದೇ ಇರ್ಲಿ ಅಂತ್ಲೇ ಗಂಟು ಹಾಕ್ದೆ."

ದುಲಿಮಾಯಿ ಮೇಳದ ಸಾಲಿನಲ್ಲಿದ್ದ ಪೆತ್ರಾಳ ಕಡೆ ತಿರುಗಿದಳು. ಪೆತ್ರಾ ಗುನುಗುವುದನ್ನು ಬಿಟ್ಟು ಕಣ್ಣರಳಿಸಿದಳು.

"ನಿಂಗೆ ಗೊತ್ತಿಲ್ವಾ? ಇಡೀ ಊರಿಗೆ ಗೊತ್ತು ಕಣೇ!"

"ಗಂಟು ಹಾಕ್ತಾ ಇದ್ಳು ಅಂತ ಬಂದು ಹೇಳಿದ್ಯಲ್ಲೇ!"

"ಹಾಕ್ತಾ ಇದ್ಳು, ಹೇಳ್ದೆ. ಯಾಕೆ ಅಂತ ನೀನು ಕೇಳ್ಲೇ ಇಲ್ಲ."

"ಗುನುಗೇ ಬಾಯಿಬಡುಕಿ!" ಎಂದು ಕುಯಾಪಿ ಗದರಿದಳು. ಪೆತ್ರಾ ಬೇಗ ಬೇಗ ಗುನುಗಿಗೆ ಸೇರಿಕೊಂಡಳು.

ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಹೇಳುವುದಿಲ್ಲ. ನಾಲ್ಕು ಸುಗ್ಗಿ ಊರು ಬಿಟ್ಟವಳಿಗೆ ನೆನಪಿನಲ್ಲಿದ್ದ ಊರೇ ಊರು. ದಿನಾವೋನಳಿಗೂ ಹಾಗೇ ಅಲ್ಲವೇ? ಸತ್ತವಳಿಗೆ ಮಣ್ಣು ಕುಸಿದ ಸುದ್ದಿ ಯಾರು ಮುಟ್ಟಿಸಿದ್ದರು? ಏರಿ ಇದೆ ಎಂದುಕೊಂಡೇ ಅವಳು ಕಾಲಿಡುತ್ತಿದ್ದಳು. ಮಗಳೇ ಕೂಗಿ ಕರೆದಳೆಂದರೆ ಗಂಟನ್ನೂ ಮೀರುತ್ತಾಳೆ, ಕೇಳಬೇಕೇ. ಈಗ ಈ ಬಯಲುಗಾಳಿಯಲ್ಲಿ, ಇಲ್ಲದ ಏರಿಯ ಮೇಲೆ ತಾಯಿ ಹೊಸ ಹೊದಿಕೆ ಹಿಡಿದುಕೊಂಡು ನಿಂತಿದ್ದಾಳೆ. ದುಲಿಮಾಯಿ ಮುದುಕಿಯ ಕಡೆ ತಿರುಗಿದಳು.

"ಮತ್ತೆ ಆ ಕೆಂಪು ಕೆಸರು..."

"ಮೇಲೊಂದು ಕಡೆ ದಾಟಬಹುದು. ಗೊರಸು ಊರೋಷ್ಟು ಜಾಗ. ನಡೆದು ನೋಡ್ದೆ. ಬದುಕಿರೋರು ಕಾಲಿಡದ ಕಡೆ ಸತ್ತೋರನ್ನ ಹೆಂಗೆ ನಡೆಸೋದು? ಬಿದ್ದೂ ನೋಡ್ದೆ," ಎಂದು ಮುದುಕಿ ಗೀರಿದ ಮುಂಗೈ ತೋರಿಸಿದಳು.

ದುಲಿಮಾಯಿ ಅವಳ ಮುಖ ನೋಡಿದಳು. ನಂಬಬೇಕೆಂದು ಮನಸ್ಸು, ಬೇಡವೆಂದು ಹಳೆಯ ರಕ್ತ. "ನಮ್ಮವ್ವನ್ನ ಕಂಡ್ರೆ ನಿಂಗಾಗಲ್ಲ ಅಜ್ಜಿ. ಮತ್ಯಾಕೆ?"

"ಈಗ್ಲೂ ಆಗಲ್ಲ," ಎಂದಳು ಕುಯಾಪಿ ಥಟ್ಟನೆ. "ಅದಕ್ಕೇ ಒರತೇಲಿ ಒಂದ್ಸಲ ಬೀಳಿಸ್ದೆ. ಅಷ್ಟು ನನ್ ಪಾಲು, ತಗೊಂಡೆ. ಆದ್ರೆ ದಾರೀಲಿ ಬಿಟ್ಟುಬಿಡೋಕಾಗ್ತದಾ? ನಾನೂ ಇವತ್ತೋ ನಾಳೆಯೋ ಇದೇ ದಾರೀಲಿ ಹೋಗ್ಬೇಕಾದೋಳು. ನಟ್ಟನಡುವೆ ನಿಂತು ಕಾಯ್ತಿದ್ರೆ? ಅಲ್ಲೂ ಅವಳ ಮುಖ ನೋಡ್ಬೇಕಾ ನಾನು?"

ಗುನುಗುತ್ತಿದ್ದ ಹೆಂಗಸರಲ್ಲಿ ಯಾರಿಗೋ ನಗು ಒತ್ತಿ ಬಂದು ಸ್ವರ ನಡುಗಿತು.

"ಹಾಡು. ಹೊತ್ತು ನೆತ್ತಿಗೆ ಬಂತು."

"ನಂಗೆ ಹಾಡು ಬರಲ್ಲ."

"ಕಾಲು ಬರ್ತದಲ್ಲ? ಮುಂದೆ ನಡಿ. ಕಾಲು ಕಂಡದ್ದನ್ನ ಬಾಯಿ ಹೇಳ್ಲಿ."

ದುಲಿಮಾಯಿ ಜೊಂಡಿನ ಪಕ್ಕದಿಂದ ಮೇಲಕ್ಕೆ ಹತ್ತಿದಳು. ಮೊದಲ ಸಾಲು ಗಂಟಲಿನಿಂದ ಹೊರಡುವಾಗ ಕೋಳಿಮರಿಯ ದನಿಯಂತಿತ್ತು.

"ಅಲ್ಲಿಂದ ಹಿಂದಕ್ಕೆ ಬಾ ಅವ್ವಾ, ಹಿನಗಂಗ ಹೊಳೆಗೆ ಹೋಯಿತು, ನಾನು ತಿಳಿಯದೆ ಕರೆದೆ..."

ಮೇಳ ಅದನ್ನು ಎತ್ತಿ ಪೂರ್ತಿ ಮಾಡಿತು. ದುಲಿಮಾಯಿಗೆ ಆಶ್ಚರ್ಯವಾಯಿತು. ತನ್ನ ಮುರುಕು ಸಾಲು ಅಷ್ಟು ಜನರ ಬಾಯಲ್ಲಿ ನಿಂತುಕೊಂಡಿತ್ತು. ಇನ್ನೊಂದು ಹೆಜ್ಜೆ.

"ಬಲಗಡೆ ಕಲ್ಲು ಅಲುಗುತ್ತದೆ, ತುಳಿಯಬೇಡ. ಎಡಗಡೆ ಬೇರು ಇದೆ, ಹಿಡಿದುಕೋ..."

ಬೇರನ್ನು ತಾನೂ ಹಿಡಿದಳು. ಕೆಳಗೆ ನೋಡಲಿಲ್ಲ. ಸೆರಗಿನಂತೆ ಜಾರುವ ಮಣ್ಣು, ಒಬ್ಬರ ಹಿಂದೆ ಒಬ್ಬರಾಗಿ ಹೆಂಗಸರು. ಕುಸಿತದ ಸರಿಯಾದ ನಡುವಿಗೆ ಬಂದಾಗ ಅಂಗೈಯಗಲದ ಗಟ್ಟಿ ನೆಲ ಸಿಕ್ಕಿತು. ಅಲ್ಲಿ ಕುಯಾಪಿ ತಡೆದಳು.

"ಇಲ್ಲಿ ಹೆಸರು ಹೇಳ್ಬೇಕು. ಹೆಸರಿಲ್ಲದ ಕಡೆ ಅಂತ ನಾನು ದಾಟಿಸ್ತಿದ್ದೆ, ಉಸಿರು ಬಿಡದೆ ಬೇಗ ಬೇಗ. ಮೇಳಕ್ಕೂ ಮೊದ್ಲೇ ಹೇಳಿಟ್ಟಿದ್ದೆ. ನನ್ನ ಉಸಿರಿಗೆ ಆಗ್ತದೆ. ನಿಂಗಾಗಲ್ಲ. ನೀನು ನಿಲ್ತೀಯ, ಅವಳೂ ನಿಲ್ತಾಳೆ. ನಿಲ್ಲೋ ಕಡೆಗೆ ಹೆಸರು ಬೇಕು."

"ಏನಂತ ಇಡ್ಲಿ? ನಿನ್ನ ಹೆಸರಿಡ್ಲಾ?"

"ನನ್ನ ಹೆಸರಿಟ್ರೆ ಆ ಜಂಬಗಾತಿ ಇಲ್ಲಿ ಕಾಲೇ ಊರಲ್ಲ!"

ಗಾಳಿ ಬೀಸಿತು. ಮುದುಕಿ ಹೊಳೆಯ ಕಡೆ ತಿರುಗಿದಳು. ಆಮೇಲೆ ಬೇರೆಯದೇ ದನಿಯಲ್ಲಿ, "ಪುಗಾವ್ ಅಂತ ಇಡು," ಎಂದಳು. "ಅವನಿಗೂ ಒಂದು ಜಾಗ ಅಂತ ಇಲ್ಲ."

ತಾಯಿ ಕೈಬಿಟ್ಟ ಗಂಡು. ಅವಳಿಂದಾಗಿ ಊರು ಬಿಟ್ಟು ಕತ್ತಲೆಯ ಗಣಿಯಲ್ಲಿ ಉಳಿದವನು. ಆ ಹೆಸರಿನ ಮೇಲೆ ತಾಯಿಯನ್ನು ನಿಲ್ಲಿಸಿದರೆ ಅವನು ಕೈ ಹಿಡಿದು ದಾಟಿಸುತ್ತಾನೋ, ಕಾಲು ಹಿಡಿದು ಎಳೆದುಕೊಳ್ಳುತ್ತಾನೋ? ಇಷ್ಟು ದೂರ ಕರೆತಂದದ್ದು ಇದಕ್ಕೇ ಇರಬಹುದೇ? ಕಾದು ಕಾದು, ಕೊನೆಗೆ ತಮ್ಮನ ಕೈಗೇ ಒಪ್ಪಿಸಲು? ಅವಳು ಕುಯಾಪಿಯ ಮುಖದಲ್ಲಿ ಹುಡುಕಿದಳು. ಅಲ್ಲಿ ಏನೂ ಸಿಗಲಿಲ್ಲ. ಗದ್ದೆ ಹೋದ ಮುದುಕಿಯ ಮುಖ ಅದು, ಅಷ್ಟೇ. ಮೇಳದ ಉಸಿರು ಸೋಲುತ್ತಿತ್ತು. ಒಬ್ಬೊಬ್ಬರಾಗಿ ಗುನುಗು ಕಡಿದು ಕೂಡಿಕೊಳ್ಳುತ್ತಿದ್ದರು. ಹೆಸರು ಬೇಗ ಬೇಕಿತ್ತು.

ನಂಬಿಕೆ ಎಂದರೆ ಎಲ್ಲ ತಿಳಿದ ಮೇಲೆ ಬರುವುದಲ್ಲ. ತಿಳಿದ ಮೇಲೆ ನಂಬುವುದಕ್ಕೆ ಉಳಿಯುವುದೇನು? ದುಲಿಮಾಯಿ ಕಣ್ಣು ಮುಚ್ಚಿ, ಮಗುವಿನ ಬಿಸಿ ಹಣೆಯನ್ನು ನೆನೆದು, ಬಾಯಿ ತೆರೆದಳು.

"ಪುಗಾವ್ ಎಂಬಲ್ಲಿಗೆ ಬಂದೆಯಾ ಅವ್ವಾ, ಮೆಲ್ಲಗೆ ಊರು, ಇದು ಒಬ್ಬರ ಹೆಸರು..."

ಮೇಳ ಆ ಹೆಸರನ್ನು ಎತ್ತಿಕೊಂಡಿತು. ಹಿಂದಿದ್ದ ಮುದುಕಿಯ ಒಡಕು ಗಂಟಲು ಮಿಕ್ಕ ಎಲ್ಲರಿಗಿಂತ ಮೇಲೆದ್ದು ಅದನ್ನು ತುದಿ ಮುಟ್ಟಿಸಿತು. ಮುಟ್ಟಿಸಿದ ಮೇಲೂ ಬಿಡದೆ ಉದ್ದಕ್ಕೆ ಎಳೆಯಿತು. ಮಣ್ಣು ಜಾರಲಿಲ್ಲ.

ಅಲ್ಲಿಂದ ಮೇಲಕ್ಕೆ ದಾರಿ ಗಟ್ಟಿಯಿತ್ತು. ಉಂಬಾಲದ ದಿಣ್ಣೆಯ ಮೇಲೆ ದುಲಿಮಾಯಿ ಕೊನೆಯ ಹೆಸರನ್ನು ಹಾಡಿದಳು. ಮೇಳ ಮುಗಿಸಿತು. ಆಚೆ ಕಡೆ ಮೋಡ, ಈಚೆ ಕಡೆ ಗದ್ದೆಗಳ ನೀರಿನಲ್ಲಿ ಬಿಸಿಲು. ಎಲ್ಲರೂ ಬೆವರು ಒರೆಸಿಕೊಂಡರು.

"ಹೋದ್ಳಾ ಅಜ್ಜಿ?"

"ನನ್ನ ಕೇಳಿದ್ರೆ? ನಿಮ್ಮವ್ವ, ನಿನ್ನ ಹಾಡು," ಎಂದು ಕುಯಾಪಿ ಸೊಂಟ ನೀವಿಕೊಂಡಳು. "ಏಳ್ರೇ, ಮೂಳೆ ಹೊತ್ತು ಗುಹೇಲಿ ಇಡೋದಿದೆ. ಹಂದಿ ತಣ್ಣಗಾಗ್ತದೆ."

ಬಂದ ದಾರಿಯಲ್ಲೇ ಇಳಿದರು. ಹಾಡು ಮುಗಿದಿತ್ತು, ಆದರೂ ಯಾರೂ ಜೋರಾಗಿ ಮಾತಾಡಲಿಲ್ಲ. ಕುಸಿತದ ನಡುವಿನ ಆ ಅಂಗೈಯಗಲದ ನೆಲ ಬಂದಾಗ ದುಲಿಮಾಯಿ ಲಂಗ ಎತ್ತಿ ಹಿಡಿದು, ಮಲಗಿದವರ ಪಕ್ಕ ನಡೆಯುವವಳಂತೆ ತುದಿಗಾಲು ಊರಿ ದಾಟಿದಳು. ಹಿಂದೆ ಬರುತ್ತಿದ್ದ ಪೆತ್ರಾಳಿಗೆ, "ಪುಗಾವ್ ಹತ್ರ ಹುಷಾರು ಕಣೇ," ಎಂದಳು.